ಹಳೆಯ ಛಾಯಾಚಿತ್ರಗಳಲ್ಲಿ ವಿಜಯನಗರ ಮತ್ತು ಅಲ್ಲಿನ ಜಿನಾಲಯಗಳು

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಐತಿಹಾಸಿಕ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ನನ್ನ ಕಣ್ಣ ಮುಂದೆ ಮೊದಲು ನಿಂತದ್ದು ಯಾವ ಶಾಸನವೂ ಅಲ್ಲ, ಯಾವ ಗ್ರಂಥವೂ ಅಲ್ಲ. ನಮ್ಮ ಮನೆಯ ದೇವರ ಕೋಣೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಹಾಕಿದ್ದ ಒಂದು ಚಿತ್ರದ ಅಂಚೆ ಕಾರ್ಡು. ಆ ಕಾರ್ಡಿನಿಂದಲೇ ಈ ಬರಹವನ್ನು ಆರಂಭಿಸುವುದಕ್ಕೆ ಓದುಗ ಬಾಂಧವರು ಅನುಮತಿ ನೀಡಬೇಕು.

ನಮ್ಮ ಅಜ್ಜನವರಿಗೆ ಅವರ ಸೋದರಮಾವ ಬರೆದ ಕಾರ್ಡು ಅದು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದ ಯೋಗಕ್ಷೇಮದ ಸಾಲುಗಳು ಬಹುಮಟ್ಟಿಗೆ ಅಳಿಸಿಹೋಗಿದ್ದವು. ಮುಂಬದಿಯಲ್ಲಿ ಬೂದು ಬಣ್ಣದ ಬಂಡೆಯ ಇಳಿಜಾರು. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಶಿಖರಗಳುಳ್ಳ ಸಣ್ಣ ಸಣ್ಣ ಕಲ್ಲಿನ ಗುಡಿಗಳ ಸಾಲು. ಕೆಳಗೆ ಹಂಪೆಯ ಜೈನ ದೇವಾಲಯಗಳು ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ. ಅಜ್ಜನವರು ಪ್ರತಿದಿನ ಬೆಳಗಿನ ಪೂಜೆ ಮುಗಿದ ಮೇಲೆ ಆ ಚಿತ್ರಕ್ಕೂ ಒಮ್ಮೆ ಕೈಮುಗಿಯುತ್ತಿದ್ದರು. ವಿಜಯನಗರದ ಅರಸರ ಕಾಲದಲ್ಲಿ ನಮ್ಮವರು ಎಷ್ಟು ಬಸದಿಗಳನ್ನು ಕಟ್ಟಿಸಿದ್ದರು ನೋಡಿರಿ ಎಂದು ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವುದು ಅವರಿಗೆ ಒಂದು ಸಂತೋಷವಾಗಿತ್ತು. ಅವರು ಸ್ವತಃ ಹಂಪೆಯನ್ನು ಕಂಡವರಲ್ಲ.

1982ರ ಸುಮಾರಿಗೆ ಕಾಲೇಜು ವಿದ್ಯಾರ್ಥಿಯಾಗಿದ್ದ ನಾನು ಇತಿಹಾಸ ಅಧ್ಯಾಪಕರ ಸಂಗಡ ಹಂಪೆಗೆ ಹೋಗುವ ಅವಕಾಶ ಒದಗಿತು. ವಿರೂಪಾಕ್ಷ ದೇವಾಲಯದ ದಕ್ಷಿಣಕ್ಕಿರುವ ಹೇಮಕೂಟದ ಬಂಡೆಯನ್ನು ಏರಿದೊಡನೆಯೇ ಅಜ್ಜನವರ ಕಾರ್ಡಿನ ದೃಶ್ಯ ಎದುರಿಗೆ ನಿಂತಿತು. ಅದೇ ಇಳಿಜಾರು, ಅವೇ ಶಿಖರಗಳು. ಓಡಿಹೋಗಿ ಒಂದು ತ್ರಿಕೂಟ ಗುಡಿಯ ಗರ್ಭಗೃಹದೊಳಗೆ ಇಣುಕಿದೆ. ಸಿಂಹಪೀಠವಿಲ್ಲ, ಮುಕ್ಕೊಡೆಯಿಲ್ಲ, ಯಕ್ಷಯಕ್ಷಿಯರ ಸುಳಿವಿಲ್ಲ. ಎಲ್ಲಿ ನೋಡಿದರೂ ಶೈವ ಸಂಪ್ರದಾಯದ ಗುರುತುಗಳೇ. ಅಧ್ಯಾಪಕರು ನನ್ನನ್ನು ಹತ್ತಿರ ಕರೆದು ಅಲ್ಲಿಯ ಶಾಸನವೊಂದರ ವಿಷಯವನ್ನು ತಿಳಿಸಿದರು. ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ, ಅಂದರೆ ವಿಜಯನಗರ ರಾಜ್ಯ ಸ್ಥಾಪನೆಯಾಗುವುದಕ್ಕೂ ಮೊದಲು, ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವನು ಶಿವಾಲಯವನ್ನು ಕಟ್ಟಿಸಿ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂಬುದು ಅದರ ಸಾರ. ಹೇಮಕೂಟದ ಗುಡಿಗಳು ಜಿನಾಲಯಗಳಲ್ಲ, ಅವು ಶಿವಾಲಯಗಳು.

ಹಾಗಾದರೆ ಈ ತಪ್ಪು ಹೇಗೆ ಬಂತು? ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಬಗೆಯ ಶಿಖರವನ್ನು ಕದಂಬ ಶೈಲಿಯ ಶಿಖರವೆಂದು ಕರೆಯುವ ರೂಢಿಯಿದೆ. ಕನ್ನಡ ನಾಡಿನ ಹಲವು ಬಸದಿಗಳ ಮೇಲೆ ಇಂತಹ ಶಿಖರಗಳನ್ನು ಕಂಡಿದ್ದ ಆಂಗ್ಲ ವಿದ್ವಾಂಸರು, ಇದು ಜೈನರಿಗೇ ವಿಶಿಷ್ಟವಾದ ಶೈಲಿಯೆಂದು ಭಾವಿಸಿದರು. ಹೇಮಕೂಟದ ಗೋಡೆಗಳು ಅಲಂಕಾರವಿಲ್ಲದೆ ಸರಳವಾಗಿರುವುದೂ ಆ ಭಾವನೆಗೆ ಪುಷ್ಟಿ ಕೊಟ್ಟಿರಬೇಕು. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಬರೆದರು. ಮಾರ್ಗದರ್ಶಿ ಪುಸ್ತಕದಿಂದ ಛಾಯಾಚಿತ್ರದ ಅಡಿಬರಹಕ್ಕೆ, ಅಡಿಬರಹದಿಂದ ಅಂಚೆ ಕಾರ್ಡಿಗೆ ಆ ಹೆಸರು ಹರಿಯಿತು. ವಾಸ್ತವದಲ್ಲಿ ಶಿಲ್ಪಿಗಳಿಗೆ ಶೈಲಿಯೊಂದು ಕುಲವಿದ್ಯೆ. ಶಿವಾಲಯ ಕಟ್ಟಿದ ಕೈಯೇ ಬಸದಿಯನ್ನೂ ಕಟ್ಟುತ್ತಿತ್ತು. ಕಟ್ಟಡದ ಧರ್ಮವನ್ನು ಅರಿಯಬೇಕಾದರೆ ಶಿಖರವನ್ನಲ್ಲ, ಬಾಗಿಲವಾಡದ ಲಲಾಟಬಿಂಬವನ್ನೂ ಗರ್ಭಗೃಹದ ಪೀಠವನ್ನೂ ಶಾಸನವನ್ನೂ ನೋಡಬೇಕು.

ಊರಿಗೆ ಮರಳಿದ ಮೇಲೆ ಈ ಮಾತನ್ನು ಅಜ್ಜನವರಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಹೊಯ್ದಾಡಿದೆ. ಕೊನೆಗೆ ಹೇಳಿಯೇಬಿಟ್ಟೆ. ‘ಅಜ್ಜಾ, ನೀವು ಕೈಮುಗಿಯುತ್ತಿರುವ ಗುಡಿಗಳು ನಮ್ಮ ಬಸದಿಗಳಲ್ಲವಂತೆ.’ ಅವರು ಕನ್ನಡಕವನ್ನು ಏರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ. ‘ಹಂಗಾದರೆ ನಮ್ಮವು ಎಲ್ಲಿ ಅದಾವ ತಮ್ಮಾ?’ ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಮುಂದೆ ನಾನು ಹಂಪೆಯ ಹಳೆಯ ಚಿತ್ರಗಳನ್ನು ಹುಡುಕುವುದಕ್ಕೂ, ರಜೆ ಸಿಕ್ಕಾಗಲೆಲ್ಲ ಅಲ್ಲಿಯ ಬಂಡೆಗಳ ನಡುವೆ ತಿರುಗಾಡುವುದಕ್ಕೂ ಆ ಪ್ರಶ್ನೆಯೇ ಕಾರಣ.

ಹಾಳು ಹಂಪೆಯನ್ನು ಅಳತೆಮಾಡಿ ನಕ್ಷೆ ಬರೆಸಿದವರಲ್ಲಿ ಮೊದಲಿಗನು ಕಾಲಿನ್ ಮೆಕೆಂಜಿ. ಅವನು ಅಲ್ಲಿಗೆ ಬಂದದ್ದು 1799ರಲ್ಲಿ. ಇಂದು ಕಮಲ ಮಹಲೆಂದು ಪ್ರಸಿದ್ಧವಾದ ಕಟ್ಟಡವನ್ನು ಅಂದಿನ ನಕ್ಷೆಯಲ್ಲಿ ಸಭಾಮಂದಿರವೆಂದು ಗುರುತಿಸಿರುವುದು ಕುತೂಹಲಕರ. ಹೆಸರುಗಳು ಎಷ್ಟು ಬೇಗ ಬದಲಾಗುತ್ತವೆಂಬುದಕ್ಕೆ ಇದೊಂದು ನಿದರ್ಶನ. ಮೆಕೆಂಜಿಯ ಹೆಸರು ನಮ್ಮ ಸಮಾಜಕ್ಕೆ ಅಪರಿಚಿತವಲ್ಲ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಅವನ ಸಹಾಯಕರಲ್ಲಿ ಒಬ್ಬರಾಗಿದ್ದರು. 1816ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮೆಕೆಂಜಿಯ ಭಾವಚಿತ್ರವನ್ನು ಬರೆದಾಗ, ಕೆಂಪು ಅಂಗಿಯ ಆ ಸೇನಾಧಿಕಾರಿಯ ಸುತ್ತ ಅವನ ಭಾರತೀಯ ಸಹಾಯಕರನ್ನೂ, ಹಿನ್ನೆಲೆಯ ಬೆಟ್ಟದ ಮೇಲೆ ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯನ್ನೂ ಚಿತ್ರಿಸಿದನು. ತಾಳೆಗರಿ ಹಿಡಿದು ನಿಂತವರು ಧರ್ಮಯ್ಯನವರೇ ಎಂದು ವಿದ್ವಾಂಸರು ಹೇಳುತ್ತಾರೆ. ಅದು ಛಾಯಾಚಿತ್ರವಲ್ಲದಿದ್ದರೂ ಈ ಪ್ರಸ್ತಾಪದಲ್ಲಿ ಬಿಡಲು ಮನಸ್ಸಾಗಲಿಲ್ಲ.

ಛಾಯಾಗ್ರಹಣ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅಲ್ಲಿಂದ ಹದಿನೇಳು ವರ್ಷಗಳೊಳಗೆ ಅದು ತುಂಗಭದ್ರೆಯ ದಂಡೆಗೆ ಬಂದಿತು. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ವಿಜಯನಗರದ ಅವಶೇಷಗಳ ಸುಮಾರು 60 ಚಿತ್ರಗಳನ್ನು ತೆಗೆದನು. ಈಗಿನಂತೆ ಗುಂಡಿಯೊತ್ತಿದರೆ ಮುಗಿಯುವ ಕೆಲಸವಲ್ಲ ಅದು. ಬೆಳ್ಳಿಯ ಲವಣವನ್ನು ಸವರಿದ ದೊಡ್ಡ ಕಾಗದದ ಹಾಳೆಯನ್ನು ಮರದ ಪೆಟ್ಟಿಗೆಯಂತಹ ಕ್ಯಾಮರಾದೊಳಗೆ ಇಟ್ಟು, ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕಾಗಿತ್ತು. ಒಂದೊಂದು ಹಾಳೆಯೂ ಒಂದು ಅಡಿಗಿಂತ ದೊಡ್ಡದು. ಚಲಿಸುವ ಮನುಷ್ಯರಾಗಲಿ ದನಕರುಗಳಾಗಲಿ ಅದರಲ್ಲಿ ಮೂಡುತ್ತಿರಲಿಲ್ಲ. ಆದ್ದರಿಂದ ಗ್ರೀನ್‌ಲಾನ ವಿಜಯನಗರವು ನಿರ್ಜನವಾಗಿ ಕಾಣುತ್ತದೆ. ಅದನ್ನು ಕಂಡು ಅಲ್ಲಿ ಯಾರೂ ವಾಸಿಸುತ್ತಿರಲಿಲ್ಲವೆಂದು ತಿಳಿಯುವುದು ತಪ್ಪಾದೀತು. ಚಿತ್ರವು ಸುಳ್ಳು ಹೇಳದು. ಆದರೆ ಅದು ಎಲ್ಲವನ್ನೂ ಹೇಳದು.

ಆ ಕಾಗದದ ಪ್ರತಿಗಳು ನೂರಕ್ಕೂ ಹೆಚ್ಚು ವರ್ಷ ಯಾರ ಗಮನಕ್ಕೂ ಬಾರದೆ ಇಂಗ್ಲೆಂಡಿನಲ್ಲಿ ಉಳಿದು, 1980ರಲ್ಲಿ ಬೆಳಕಿಗೆ ಬಂದವು. ಇಂದು ಅವು ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿವೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅದೇ ನೋಟಗಳನ್ನು ಮತ್ತೆ ಚಿತ್ರಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸುಮಾರು ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಬಿದ್ದಿತು, ಏನನ್ನು ನಾವೇ ತೆಗೆದೆವು, ಏನನ್ನು ನಾವೇ ಸೇರಿಸಿದೆವು ಎಂಬುದು ಸ್ಪಷ್ಟವಾಗುತ್ತದೆ.

ಒಂದೆರಡು ಉದಾಹರಣೆಗಳನ್ನು ಹೇಳಬೇಕು. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಅರಿಯದವರಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿಯೂ ಅದೇ ಇದೆ. ಆದರೆ ನೋಟಿನ ಮೇಲಿನ ರಥಕ್ಕೆ ಶಿಖರವಿಲ್ಲ. ಗ್ರೀನ್‌ಲಾನ ಚಿತ್ರದಲ್ಲಿಯೋ, ರಥದ ಮೇಲೆ ಇಟ್ಟಿಗೆ ಗಾರೆಗಳಿಂದ ಕಟ್ಟಿದ ಶಿಖರವು ಶಿಥಿಲವಾಗಿಯಾದರೂ ನಿಂತಿದೆ. ಮುಂದೆ ಅದನ್ನು ತೆಗೆದುಹಾಕಲಾಯಿತು. ಇಂದು ಕೋಟ್ಯಂತರ ಜನರ ಜೇಬಿನಲ್ಲಿರುವುದು ಮುಕುಟವಿಲ್ಲದ ರಥ. ಅದು ವಾಸ್ತವವಾಗಿ ಗರುಡನ ಗುಡಿಯೆಂಬುದನ್ನೂ, ಗುಡಿಗೆ ಶಿಖರವಿತ್ತೆಂಬುದನ್ನೂ ಆ ಹಳೆಯ ಕಾಗದವೇ ನಮಗೆ ಕಣ್ಣಿಗೆ ಕಟ್ಟುವಂತೆ ತೋರಿಸಬೇಕಾಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನ ಕೃಷ್ಣದೇವರಾಯನು 1528ರಲ್ಲಿ ಕಡೆಯಿಸಿದ ಏಕಶಿಲೆಯ ನರಸಿಂಹ. ಈಗ ಹೋದವರು ಆ ಮೂರ್ತಿಯ ಮೊಣಕಾಲುಗಳನ್ನು ಬಳಸಿದ ಯೋಗಪಟ್ಟವನ್ನು ಕಾಣುತ್ತಾರೆ. ಹಳೆಯ ಚಿತ್ರಗಳಲ್ಲಿ ಅದು ಇಲ್ಲ. ಒಡೆದುಹೋಗಿದ್ದ ಅದನ್ನು 1980ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಹೊಸದಾಗಿ ಕೂಡಿಸಿದರು. ಈ ಚಿತ್ರಗಳಿಲ್ಲದಿದ್ದರೆ ಇನ್ನು ನೂರು ವರ್ಷಗಳ ಬಳಿಕ ಹೊಸ ಕಲ್ಲು ಯಾವುದು ಹಳೆಯ ಕಲ್ಲು ಯಾವುದು ಎಂದು ಹೇಳುವುದು ನೋಡುವವನಿಗೆ ಕಷ್ಟವಾಗುತ್ತಿತ್ತು.

ಗ್ರೀನ್‌ಲಾನ ಸಮಕಾಲೀನರಾದ ಪಿಗೌ, ನೀಲ್, ಬಿಗ್ಸ್ ಮೊದಲಾದವರು ಧಾರವಾಡ ಮತ್ತು ಮೈಸೂರು ಪ್ರಾಂತಗಳ ಕಟ್ಟಡಗಳ ಚಿತ್ರಗಳನ್ನು ತೆಗೆದರು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್‌ರ ವಿವರಣೆಯೊಡನೆ ಅವು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಬಂದವು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಚಿತ್ರದ ಅಂಚೆ ಕಾರ್ಡುಗಳು ಬಂದು, ಸಾಹೇಬರ ಸೊತ್ತಾಗಿದ್ದ ಚಿತ್ರಗಳು ನಮ್ಮಂತಹವರ ಮನೆಗೂ ತಲುಪಿದವು. ಅವುಗಳ ಉಪಕಾರ ದೊಡ್ಡದು. ಆದರೆ ಕಾರ್ಡು ಅಚ್ಚುಹಾಕಿಸುವ ವ್ಯಾಪಾರಿಯು ಕೊಳ್ಳುವವನ ಕಣ್ಣಿಗೆ ಯಾವುದು ಬೀಳುವುದೋ ಅದನ್ನೇ ಆರಿಸುವನು. ನಾನು ಕೂಡಿಹಾಕಿರುವ ಹಂಪೆಯ ಹನ್ನೊಂದು ಕಾರ್ಡುಗಳಲ್ಲಿ ಕಲ್ಲಿನ ರಥವೇ ನಾಲ್ಕು, ವಿರೂಪಾಕ್ಷ ಗೋಪುರ ಮೂರು, ಹೇಮಕೂಟ ಎರಡು. ನಿಜವಾದ ಜಿನಾಲಯ ಒಂದೂ ಇಲ್ಲ. ಜೈನ ಎಂಬ ಹೆಸರು ಇರುವ ಚಿತ್ರದಲ್ಲಿ ಜಿನಾಲಯವಿಲ್ಲ; ಜಿನಾಲಯಕ್ಕೆ ಚಿತ್ರವೇ ಇಲ್ಲ!

ಅಜ್ಜನವರ ಪ್ರಶ್ನೆಗೆ ಉತ್ತರ ದೊರೆತದ್ದು ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ. ಪ್ರವಾಸಿಗಳ ಗುಂಪು ಸಾಮಾನ್ಯವಾಗಿ ಅತ್ತ ಹೊರಳುವುದಿಲ್ಲ. ಭೀಮನ ಬಾಗಿಲಿನ ಸಮೀಪದಲ್ಲಿ, ಉತ್ತರಕ್ಕೆ ಮುಖಮಾಡಿ ನಿಂತ ಒಂದು ಗಂಭೀರವಾದ ಕಲ್ಲಿನ ಕಟ್ಟಡ. ಅದರ ಮುಂದೆ ಎತ್ತರವಾದ ಏಕಶಿಲಾ ಸ್ತಂಭ. ಜನರು ಅದನ್ನು ಗಾಣಿಗಿತ್ತಿ ಗುಡಿ ಎನ್ನುತ್ತಾರೆ. ಕಂಬಗಳು ಚೌಕಾಕಾರದವು, ಗೋಡೆಗಳು ಸರಳವಾದವು, ಗರ್ಭಗೃಹದ ಮೇಲೆ ಮೆಟ್ಟಿಲು ಮೆಟ್ಟಿಲಾದ ಶಿಖರ. ಹೌದು, ಹೇಮಕೂಟದ ಗುಡಿಗಳ ಮೇಲಿರುವಂತಹ ಶಿಖರವೇ! ಆಂಗ್ಲ ವಿದ್ವಾಂಸರು ಎಡವಿದ್ದರಲ್ಲಿ ಆಶ್ಚರ್ಯವಿಲ್ಲವೆಂದು ಅಂದು ನನಗೆ ಅನ್ನಿಸಿತು.

ಗಾಣಿಗಿತ್ತಿ ಎಂಬುದು ಜನರ ಬಾಯಲ್ಲಿ ಬಂದ ಹೆಸರು. ಸ್ತಂಭದ ಮೇಲಿನ ಸಂಸ್ಕೃತ ಶಾಸನವು ಬೇರೆಯೇ ಕತೆಯನ್ನು ಹೇಳುತ್ತದೆ. ಶಕವರ್ಷ 1307ರ ಕ್ರೋಧನ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. 1385–86ರಲ್ಲಿ, ಎರಡನೆಯ ಹರಿಹರರಾಯನ ದಂಡನಾಯಕನೂ ಬೈಚ ಮಂತ್ರಿಯ ಮಗನೂ ಆದ ಇರುಗಪ್ಪನು ಹದಿನೇಳನೆಯ ತೀರ್ಥಂಕರರಾದ ಶ್ರೀ ಕುಂಥು ಜಿನನಾಥರಿಗೆ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನು. ಮೂಲಸಂಘ, ನಂದಿಸಂಘ, ಬಲಾತ್ಕಾರ ಗಣ, ಸರಸ್ವತೀ ಗಚ್ಛದ ಗುರುಪರಂಪರೆಯನ್ನು ವಿಸ್ತಾರವಾಗಿ ಹೇಳಿ, ತಾನು ಸಿಂಹನಂದಿ ಆಚಾರ್ಯರ ಶಿಷ್ಯನೆಂದು ಇರುಗಪ್ಪನು ವಿನಯದಿಂದ ಹೇಳಿಕೊಂಡಿದ್ದಾನೆ. ಕತ್ತಿ ಹಿಡಿದ ಕೈಯಲ್ಲಿಯೇ ಲೇಖನಿಯನ್ನೂ ಹಿಡಿದವನು ಅವನು. ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟು ಅವನ ಕೃತಿ. ಕಾಂಚೀಪುರದ ಬಳಿಯ ತಿರುಪರುತ್ತಿಕುನ್ರಂ, ಅಂದರೆ ಜಿನಕಂಚಿಯ ವರ್ಧಮಾನಸ್ವಾಮಿಯ ಬಸದಿಯಲ್ಲಿ ಸಂಗೀತ ಮಂಟಪವನ್ನು ಕಟ್ಟಿಸಿದವನೂ ಇದೇ ಇರುಗಪ್ಪ.

ಈ ಸ್ತಂಭಶಾಸನದಲ್ಲಿ ವಂಶಾವಳಿ ಗುರುಪರಂಪರೆಗಳಿಗಿಂತ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಅದರಲ್ಲಿರುವ ನಗರವರ್ಣನೆ. ಕರ್ನಾಟ ದೇಶದ ಕುಂತಳ ನಾಡಿನಲ್ಲಿ ವಿಜಯವೆಂಬ ನಗರವಿದೆಯೆಂದು ಹೇಳಿ, ಸುಣ್ಣ ಬಳಿದ ಅದರ ಸೌಧಗಳ ಬಿಳುಪಿನಿಂದ ಅಕಾಲದಲ್ಲಿ ಬೆಳದಿಂಗಳು ಹರಡಿದಂತೆ ತೋರುತ್ತದೆಂದೂ, ರತ್ನಗಳನ್ನು ಹಾಸಿದ ಬೀದಿಗಳಲ್ಲಿ ಬಾಲೆಯರು ದಾನಕಾಲದಲ್ಲಿ ಧಾರೆಯೆರೆದ ನೀರು ಹರಿದುಬರಲು ಮುತ್ತಿನ ಮರಳಿನಿಂದ ಒಡ್ಡು ಕಟ್ಟಿ ಆಡುತ್ತಾರೆಂದೂ ಕವಿಯು ಬಣ್ಣಿಸುತ್ತಾನೆ. ರತ್ನ ಮುತ್ತುಗಳ ಮಾತನ್ನು ಕವಿಸಮಯವೆಂದು ಬಿಡೋಣ. ಆದರೆ ಬೀದಿಯಲ್ಲಿ ಹರಿಯುವ ನೀರಿಗೆ ಮಣ್ಣಿನ ಕಟ್ಟೆ ಕಟ್ಟಿ ಆಡುವ ಹೆಣ್ಣುಮಕ್ಕಳನ್ನು ಯಾವ ಮಳೆಗಾಲದಲ್ಲಿ ಯಾವ ಊರಿನಲ್ಲಿ ನಾವು ಕಂಡಿಲ್ಲ? ಅದು ಕಣ್ಣಾರೆ ಕಂಡು ಬರೆದ ಮಾತು. ಗ್ರೀನ್‌ಲಾನ ಕ್ಯಾಮರಾಕ್ಕೆ ಸಿಕ್ಕದೆ ಹೋದ ಮನುಷ್ಯರು ಅವನಿಗಿಂತ 470 ವರ್ಷ ಹಿಂದೆ ಕೆತ್ತಿದ ಈ ಬಸದಿಯ ಕಂಬದ ಮೇಲೆ ಉಳಿದಿದ್ದಾರೆ. ಅವನ ಚಿತ್ರಗಳಲ್ಲಿ ಬರಿಯ ಬೂದು ಕಲ್ಲಾಗಿ ಕಾಣುವ ನಗರವು ಒಂದು ಕಾಲದಲ್ಲಿ ಸುಣ್ಣದ ಬಿಳುಪಿನಿಂದ ಬೆಳಗುತ್ತಿತ್ತೆಂಬುದನ್ನು ತಿಳಿಸುವುದೂ ಇದೇ ಕಂಬ.

ಸುಣ್ಣದ ಮಾತು ಬಂದುದರಿಂದ ಇನ್ನೊಂದು ಶಾಸನವನ್ನು ಇಲ್ಲಿ ನೆನೆಯುವುದು ಉಚಿತ. ಕ್ರಿ.ಶ. 1368ರ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ ನಮ್ಮಲ್ಲಿ ಬಹುಜನರಿಗೆ ಪರಿಚಿತ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ಎರಡು ಪಕ್ಷದವರ ಕೈಗಳನ್ನು ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ತೀರ್ಪಿತ್ತ ಸಂಗತಿಯನ್ನು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಆ ಶಾಸನದ ಎರಡು ಸಣ್ಣ ವಿವರಗಳು ಭಾಷಣಗಳಲ್ಲಿ ಬರುವುದಿಲ್ಲ. ಅರಸನಲ್ಲಿ ಮೊರೆಯಿಟ್ಟ ಜೈನರ ಊರುಗಳ ಪಟ್ಟಿಯಲ್ಲಿ ಆನೆಗೊಂದಿಯ ಹೆಸರೂ ಇದೆ. ಅಂದರೆ ರಾಜಧಾನಿಯ ಎದುರಿಗೆ, ಹೊಳೆಯ ಆಚೆ ದಡದಲ್ಲಿಯೇ ನಮ್ಮವರ ವಸತಿಯಿದ್ದಿತು. ಇನ್ನೊಂದು, ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿ ಆಳುಗಳನ್ನು ಇಟ್ಟು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಏರ್ಪಾಡಾಯಿತು. ಆ ಹಣವನ್ನು ಕೂಡಿಸುವ ಹೊಣೆ ಹೊತ್ತವರು ತಿರುಮಲೆಯ ತಾತಯ್ಯನವರು, ಅಂದರೆ ಎದುರು ಪಕ್ಷದ ಹಿರಿಯರು! ಇಂದಿನ ಜೀರ್ಣೋದ್ಧಾರ ಸಮಿತಿಗಳ ಲೆಕ್ಕದ ಪುಸ್ತಕಗಳನ್ನು ನೋಡಿದಾಗಲೆಲ್ಲ ನನಗೆ ಆ ಮನೆಗೊಂದು ಹಣ ನೆನಪಾಗುತ್ತದೆ.

ಗಾಣಿಗಿತ್ತಿ ಬಸದಿಗಿಂತಲೂ ಹೆಚ್ಚಾಗಿ ನಗರದ ಒಡಲಿನಲ್ಲಿಯೇ ಇದ್ದ ಮತ್ತೊಂದು ಜಿನಾಲಯವುಂಟು. ಹಜಾರ ರಾಮ ದೇವಾಲಯದ ಮುಂದಿನಿಂದ ಈಶಾನ್ಯ ದಿಕ್ಕಿಗೆ ಸಾಗುವ ಹಳೆಯ ರಾಜಬೀದಿಯ ಬದಿಯಲ್ಲಿ, ಬಹುಮಟ್ಟಿಗೆ ಬಿದ್ದುಹೋದ ಸ್ಥಿತಿಯಲ್ಲಿ ಅದರ ಅವಶೇಷಗಳಿವೆ. ಶಕವರ್ಷ 1348ರ ಪರಾಭವ ಸಂವತ್ಸರದಲ್ಲಿ, ಕ್ರಿ.ಶ. 1426ರ ಸುಮಾರಿಗೆ, ಎರಡನೆಯ ದೇವರಾಯನು ಅರ್ಹಂತ ಪಾರ್ಶ್ವನಾಥಸ್ವಾಮಿಗೆ ಕಲ್ಲಿನ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಮಂತ್ರಿಯಲ್ಲ, ಸೆಟ್ಟಿಯಲ್ಲ, ಅರಸನೇ ತನ್ನ ರಾಜಧಾನಿಯ ನಡುವೆ ಕಟ್ಟಿಸಿದ ಬಸದಿ. ಎಲೆ ಅಡಿಕೆ ಮಾರುವ ಬೀದಿಯಲ್ಲಿ ಈ ಚೈತ್ಯಾಲಯವನ್ನು ಕಟ್ಟಿಸಲಾಯಿತೆಂದು ಶಾಸನದಲ್ಲಿ ಸ್ಪಷ್ಟವಾಗಿ ಹೇಳಿರುವುದು ಇತಿಹಾಸದ ವಿದ್ಯಾರ್ಥಿಗಳಿಗೆ ದೊರೆತ ನಿಧಿ. ಇಂದು ಪಾನ್ ಸುಪಾರಿ ಬಜಾರು ಎಂಬ ಫಲಕವನ್ನು ಕಾಣುವ ಪ್ರವಾಸಿಗಳಲ್ಲಿ ಎಷ್ಟು ಮಂದಿಗೆ ಆ ಬೀದಿಯ ಗುರುತು ಸಿಕ್ಕಿದ್ದು ಒಂದು ಬಸದಿಯ ಶಾಸನದಿಂದ ಎಂಬುದು ಗೊತ್ತಿದ್ದೀತು?

ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದದ್ದು 1443ರಲ್ಲಿ, ಅದೇ ದೇವರಾಯನ ಕಾಲದಲ್ಲಿ. ಬಜಾರುಗಳ ವೈಭವವನ್ನೂ, ಹೂವಿಲ್ಲದೆ ಜನ ಬದುಕಲಾರರೆಂಬಂತೆ ಗುಲಾಬಿ ಮಾರುತ್ತಿದ್ದುದನ್ನೂ ಅವನು ವಿವರಿಸಿದ್ದಾನೆ. ಚೈತ್ಯಾಲಯಕ್ಕೆ ಆಗ ಹದಿನೇಳು ವರ್ಷ. ಮುಂಜಾನೆ ಅಭಿಷೇಕದ ಗಂಟೆಯೂ, ಎಲೆಯ ಪೆಂಡಿಗಳನ್ನು ಇಳಿಸುವವರ ಕೂಗೂ ಆ ಬೀದಿಯಲ್ಲಿ ಒಟ್ಟಿಗೆ ಕೇಳಿಸುತ್ತಿದ್ದವೆಂದು ಊಹಿಸಿದರೆ ತಪ್ಪಾಗಲಾರದು. 1565ರ ಯುದ್ಧದ ಬಳಿಕ ನಗರ ಸೂರೆಹೋಯಿತು, ಬೀದಿ ಬರಿದಾಯಿತು. ಆ ಕತೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ಹಂಪೆಯ ಸ್ಮಾರಕ ಸಮುದಾಯವು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1970ರ ದಶಕದಿಂದೀಚೆಗೆ ನಡೆದ ಉತ್ಖನನ, ಅಳತೆ, ಅಧ್ಯಯನಗಳಿಂದ ಹಳೆಯ ತಪ್ಪುಗಳು ಬಹಳಷ್ಟು ತಿದ್ದಲ್ಪಟ್ಟಿವೆ. ಆದರೂ ಹೇಮಕೂಟದ ಜೈನ ಗುಡಿಗಳು ಎಂಬ ಮಾತು ಸಂಪೂರ್ಣವಾಗಿ ಅಳಿದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮವರದೇ ಒಂದು ಸಮಾರಂಭದ ವೇದಿಕೆಯ ಮೇಲೆ ಹೇಮಕೂಟದ ದೊಡ್ಡ ಚಿತ್ರವನ್ನು ಹಾಕಿ, ಅದರಡಿಯಲ್ಲಿ ವಿಜಯನಗರದ ಜಿನಮಂದಿರಗಳು ಎಂದು ಬರೆದಿದ್ದರು. ನಾನು ವ್ಯವಸ್ಥಾಪಕರಿಗೆ ವಿನಯದಿಂದ ವಿಷಯವನ್ನು ತಿಳಿಸಿದೆ. ‘ಇರಲಿ ಬಿಡಿ ಸರ್, ನಮ್ಮದೆಂದು ಅವರೇ ಬರೆದಿದ್ದಾರಲ್ಲ, ನಮಗೇಕೆ ತಿದ್ದುವ ಉಸಾಬರಿ’ ಎಂದರು ಅವರು. ಅವರ ಅಭಿಮಾನವನ್ನು ನಾನು ಅರಿಯೆನೆಂದಲ್ಲ. ಆದರೆ ನಮ್ಮ ಎಷ್ಟೋ ಬಸದಿಗಳಿಗೆ ಬೇರೆಯವರ ಹೆಸರು ಬಂದಿದೆಯೆಂದು ನಾವು ನ್ಯಾಯವಾಗಿ ಕೊರಗುತ್ತೇವೆ. ಹಾಗೆ ಕೊರಗುವವರು ಮತ್ತೊಬ್ಬರ ಗುಡಿಗೆ ನಮ್ಮ ಹೆಸರು ಬಿದ್ದಾಗ ಸುಮ್ಮನಿರುವುದು ಹೇಗೆ? ಅಲ್ಲದೆ, ಇಲ್ಲದ ಮೂವತ್ತು ಗುಡಿಗಳ ಹೆಮ್ಮೆಯಲ್ಲಿ ಇರುವ ಎರಡು ಜಿನಾಲಯಗಳನ್ನು ನೋಡಲು ನಮ್ಮಲ್ಲಿ ಯಾರೂ ಹೋಗಲಿಲ್ಲವೆಂಬುದು ನನ್ನ ದೊಡ್ಡ ಆಕ್ಷೇಪ. ಆ ಸಮಾರಂಭದಲ್ಲಿ ಸೇರಿದ್ದ ನೂರಾರು ಮಂದಿಯಲ್ಲಿ ಗಾಣಿಗಿತ್ತಿ ಬಸದಿಯನ್ನು ಕಂಡವರು ಎಷ್ಟು ಜನ ಎಂದು ಕೇಳಿದಾಗ ಕೈಯೆತ್ತಿದವರು ಮೂವರು.

ಪ್ರತಿಷ್ಠಾ ಮಹೋತ್ಸವಕ್ಕೆ ಬಂದ ಧರ್ಮಬಂಧುಗಳಲ್ಲಿ ಒಂದು ವಿನಂತಿಯುಂಟು. ನಿಮ್ಮ ನಿಮ್ಮ ಊರಿನ ಬಸದಿಗಳ ಹಳೆಯ ಛಾಯಾಚಿತ್ರಗಳು ಪೆಟ್ಟಿಗೆಗಳಲ್ಲಿಯೂ ಅಟ್ಟಗಳಲ್ಲಿಯೂ ಇದ್ದೇ ಇರುತ್ತವೆ. ಮದುವೆಯ ಗುಂಪುಚಿತ್ರದ ಹಿಂದೆ ಬಸದಿಯ ಹಳೆಯ ಬಾಗಿಲವಾಡ ಕಾಣುತ್ತಿರಬಹುದು. ಮಹಾಮಸ್ತಕಾಭಿಷೇಕಕ್ಕೆ ಹೋದಾಗ ಕೊಂಡುತಂದ ಕಾರ್ಡು ಇರಬಹುದು. ಸ್ಟುಡಿಯೋದವರು ಬಿಟ್ಟುಹೋದ ಗಾಜಿನ ನೆಗೆಟಿವ್ ಇರಬಹುದು. ಅವುಗಳನ್ನು ಹಳೆಯ ಸಾಮಾನಿನೊಡನೆ ಗುಜರಿಗೆ ಹಾಕಬೇಡಿರಿ. ಚಿತ್ರದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸ್ಥಳ, ವರ್ಷ, ಗುರುತು ಸಿಕ್ಕವರ ಹೆಸರುಗಳನ್ನು ಹಿರಿಯರಿರುವಾಗಲೇ ಕೇಳಿ ಬರೆದಿಡಿರಿ. ಶಾಯಿಯ ಪೆನ್ನು ಬೇಡ, ಅದು ಮುಂಬದಿಗೆ ಇಳಿಯುತ್ತದೆ. ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿರಿ. ಜೀರ್ಣೋದ್ಧಾರಕ್ಕೆ ಮೊದಲು ಪ್ರತಿಯೊಂದು ಗೋಡೆಯ, ಪ್ರತಿಯೊಂದು ಕಂಬದ ಚಿತ್ರವನ್ನು ತೆಗೆಸುವುದು ಸುಣ್ಣ ಸಿಮೆಂಟುಗಳಷ್ಟೇ ಅವಶ್ಯವಾದ ಖರ್ಚು ಎಂದು ಸಮಿತಿಗಳು ತಿಳಿಯಬೇಕು. ಗಾರೆ ಬಳಿದ ಮೇಲೆ ಅದರಡಿಯ ಅಕ್ಷರಗಳನ್ನು ಮತ್ತೆ ಹುಡುಕುವುದು ಎಷ್ಟು ಕಷ್ಟವೆಂಬುದನ್ನು ಶಾಸನಗಳ ಅಚ್ಚು ತೆಗೆಯುವವರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಅಜ್ಜನವರ ವಿಷಯ. ಗಾಣಿಗಿತ್ತಿ ಬಸದಿಯನ್ನು ಮೊದಲು ಕಂಡಾಗ ಗೆಳೆಯನೊಬ್ಬನ ಕ್ಯಾಮರಾದಿಂದ ನಾಲ್ಕು ಚಿತ್ರಗಳನ್ನು ತೆಗೆದಿದ್ದೆ. ಮೂರು ಬೆಳಕು ಹೆಚ್ಚಾಗಿ ಹಾಳಾದವು. ಒಂದು ಮಾತ್ರ ಚೆನ್ನಾಗಿ ಬಂತು. ಅದರಲ್ಲಿ ಸ್ತಂಭವೂ ಅದರ ಹಿಂದೆ ಬಸದಿಯೂ ಕಾಣುತ್ತವೆ. ಅಜ್ಜನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ‘ಒಳಗ ಸ್ವಾಮಿ ಅದಾನೇನು?’ ಎಂದು ಕೇಳಿದರು. ಗರ್ಭಗೃಹ ಬರಿದಾಗಿದೆಯೆಂದು ಹೇಳಿದೆ. ಕಂಬದ ಮೇಲೆ ಏನು ಬರೆದಿದೆಯೆಂದು ಕೇಳಿದರು. ಇರುಗಪ್ಪ ದಂಡನಾಯಕನ ಹೆಸರನ್ನೂ, ಸಿಂಹನಂದಿ ಆಚಾರ್ಯರ ಹೆಸರನ್ನೂ, ಬೀದಿಯಲ್ಲಿ ನೀರಿಗೆ ಒಡ್ಡು ಕಟ್ಟಿ ಆಡುವ ಹುಡುಗಿಯರ ಸಂಗತಿಯನ್ನೂ ಹೇಳಿದೆ. ಹುಡುಗಿಯರ ಸಂಗತಿಯನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಮರುದಿನ ಪೇಟೆ ಬೀದಿಯ ಕಟ್ಟು ಹಾಕುವವನಲ್ಲಿಗೆ ನನ್ನನ್ನೇ ಕಳುಹಿಸಿ ಹೊಸ ಚಿತ್ರಕ್ಕೆ ಗಾಜು ಹಾಕಿಸಿದರು. ಹಳೆಯ ಕಾರ್ಡನ್ನು ದೇವರ ಕೋಣೆಯಿಂದ ಇಳಿಸಿ ಪಡಸಾಲೆಯ ಗೋಡೆಗೆ ಹಾಕಿಸಿದರು. ಸೋದರಮಾವನವರ ಕೈಬರಹವಿದ್ದ ಅದನ್ನು ಬಿಸಾಡುವ ಮಾತೇ ಇರಲಿಲ್ಲ. ಹಾಕುವ ಮೊದಲು ಕಟ್ಟನ್ನು ಬಿಚ್ಚಿಸಿ, ಕಾರ್ಡಿನ ಬೆನ್ನಿಗೆ ಇಟ್ಟಿದ್ದ ರಟ್ಟಿನ ಮೇಲೆ ನಡುಗುವ ಅಕ್ಷರಗಳಲ್ಲಿ ಅವರೇ ಬರೆದರು: ಹಂಪೆ, ಹೇಮಕೂಟ, ಶಿವಾಲಯಗಳು. ಎರಡು ಚಿತ್ರಗಳೂ ಈಗ ನನ್ನ ಮನೆಯಲ್ಲಿವೆ.